ಅಕ್ಕನ ಎರಡು ಫ್ರೀಜರ್, ಗಂಟೆಗೊಮ್ಮೆ ತೆರೆಯೋ ಸುರಂಗ, ನಂಗೆ ಮಾತ್ರ ಕಾಣದ ಬೆಟ್ಟ: ಅಲಾಸ್ಕಾದಲ್ಲಿ ಎಂಟು ದಿನ

ಅಲಾಸ್ಕಾಗೆ ಹೊರಟಿದ್ದೀವಿ ಅಂದಾಗ ಎಲ್ರೂ ಕೇಳಿದ್ದು ಒಂದೇ, ಕ್ರೂಸಾ? ಅಲ್ಲ ಮಾರಾಯ್ರೆ, ಅಕ್ಕನ ಮನೆಗೆ. ದೊಡ್ಡಮ್ಮನ ಮಗಳು ಆಂಕರೇಜ್ ಸೇರಿ ಒಂಬತ್ತು ವರ್ಷ ಆಯ್ತು, ಪ್ರತಿ ವರ್ಷ ಬಾರೇ ಬಾರೇ ಅಂತ ಕರೀತಾನೇ ಇದ್ಳು, ಸಿಯಾಟಲ್ ಹತ್ರಾನೇ ಇದ್ಕೊಂಡು ಮೂರೂವರೆ ಗಂಟೆ ಫ್ಲೈಟ್‌ಗೆ ನಾವು ಒಂಬತ್ತು ವರ್ಷ ಮೀನಮೇಷ ಎಣಿಸಿದ್ವಿ. ಕೊನೆಗೂ ಈ ಸಲ ಆಗಸ್ಟ್ ಕೊನೇ ವಾರ ಹೋಗಿ ಬಂದ್ವಿ. ಹಿಮಕರಡಿ, ಇಗ್ಲೂ ಹುಡುಕೋರಿಗೆ ಇದ್ರಲ್ಲಿ ಏನೂ ಇಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಅಲ್ಲಿನ ಜನ ಏನ್ ತಿಂತಾರೆ, ಎಲ್ಲಿ ಕೆಲಸ ಮಾಡ್ತಾರೆ, ನೀರು ಎಲ್ಲಿಂದ ತರ್ತಾರೆ, ನಂಗೆ ಕಂಡಿದ್ದು ಇಂಥದ್ದೇ.

ಮೊದಲನೇ ದಿನ

ಇಳಿಯೋ ಹೊತ್ತಿಗೆ ಕಿಟಕಿಯಿಂದ ಬರೀ ಬೆಟ್ಟ, ಬೆಟ್ಟದ ಸಂದೀಲಿ ಹಿಮನದಿ, ಕಣ್ಣು ಹಾಯಿಸಿದಷ್ಟೂ ಒಂದು ರಸ್ತೆ ಇಲ್ಲ ಒಂದು ಊರಿಲ್ಲ. ನಮ್ಮ ಕರ್ನಾಟಕದಂಥವು ಒಂಬತ್ತು ಸೇರಿಸಿದ್ರೆ ಒಂದು ಅಲಾಸ್ಕಾ, ಜನ ನೋಡಿದ್ರೆ ಏಳೂವರೆ ಲಕ್ಷದೊಳಗೆ, ಮೈಸೂರಲ್ಲಿರೋವಷ್ಟೂ ಇಲ್ಲ, ಅದ್ರಲ್ಲೂ ನೂರಕ್ಕೆ ಸುಮಾರು ನಲವತ್ತು ಜನ ಈ ಆಂಕರೇಜ್ ಒಂದರಲ್ಲೇ. ರಾತ್ರಿ ಒಂಬತ್ತಾಗಿತ್ತು, ಇನ್ನೂ ಬೆಳಕು, ಸಣ್ಣಗೆ ಮಳೆ. ಅಕ್ಕ ಅಂದ್ಳು, ಇದೇನು ಬಿಡು, ಜೂನಲ್ಲಿ ಬಂದಿದ್ರೆ ಹನ್ನೊಂದೂವರೆಗೂ ಸೂರ್ಯ ಮುಳುಗ್ತಿರ್ಲಿಲ್ಲ, ಮಗಳನ್ನ ಮಲಗಿಸೋಕೆ ಕಿಟಕಿಗೆಲ್ಲ ಅಲ್ಯೂಮಿನಿಯಂ ಫಾಯಿಲ್ ಅಂಟಿಸ್ತೀನಿ ಅಂತ.

ಮನೆ ಬಾಗಿಲು ತೆಗೆದ್ರೆ ಇನ್ನೊಂದು ಬಾಗಿಲು. ಎರಡರ ಮಧ್ಯೆ ನಮ್ಮ ಬಚ್ಚಲಷ್ಟು ಜಾಗ, ಅದಕ್ಕೆ ಆರ್ಕ್ಟಿಕ್ ಎಂಟ್ರಿ ಅಂತಾರೆ. ಹೊರಗಿನ ಬಾಗಿಲು ಹಾಕ್ಕೊಂಡ್ಮೇಲೇ ಒಳಗಿಂದು ತೆಗೀಬೇಕು, ಇಲ್ದಿದ್ರೆ ಚಳಿಗಾಲದಲ್ಲಿ ಮನೆ ಬಿಸಿ ಎಲ್ಲಾ ಹೊರಗೆ. ಶೂ, ಕೋಟು, ಕೆಸರು ಎಲ್ಲ ಅಲ್ಲೇ. ಅಮೆರಿಕದ ಬೇರೆ ಕಡೆ ಶೂ ಹಾಕ್ಕೊಂಡು ಸೋಫಾ ಮೇಲೆ ಕಾಲಿಡೋರನ್ನ ನೋಡಿ ಹೊಟ್ಟೆ ಉರಿಸ್ಕೊಂಡಿದ್ದೀನಿ ನಾನು, ಇಲ್ಲಿ ಬಿಳಿಯರೂ ಬಾಗಿಲಲ್ಲೇ ಶೂ ಬಿಚ್ಚಿ ಕಾಲುಚೀಲದಲ್ಲಿ ಒಳಗೆ ಬರ್ತಾರೆ. ಅಷ್ಟಕ್ಕೇ ಊರು ಇಷ್ಟ ಆಗೋಯ್ತು.

ಭಾವ ಕುಂದಾಪುರದವ್ರು. ಬಂದು ಹತ್ತು ನಿಮಿಷ ಆಗಿಲ್ಲ, ಗ್ಯಾರೇಜಿಗೆ ಕರ್ಕೊಂಡ್ ಹೋಗಿ ಎರಡು ಫ್ರೀಜರ್ ತೆಗೆದು ತೋರ್ಸಿದ್ರು, ಚಿನ್ನ ತೋರ್ಸಿದ ಹಾಗೆ. ಒಂದರ ತುಂಬ ಸಾಲ್ಮನ್, ಗಾಳಿ ತೆಗೆದು ಪ್ಯಾಕ್ ಮಾಡಿ ಮೇಲೆ ಮಾರ್ಕರ್‌ನಲ್ಲಿ ತಾರೀಖು. ಜುಲೈನಲ್ಲಿ ಕೀನಾಯ್ ನದಿ ಸಮುದ್ರ ಸೇರೋ ಕಡೆ ಎದೆಮಟ್ಟ ನೀರಲ್ಲಿ ನಿಂತ್ಕೊಂಡು, ಉದ್ದ ಕೋಲಿಗೆ ಕಟ್ಟಿದ ಐದಡಿ ಅಗಲದ ಬಳೆ ಬಲೆ ಹಿಡಿದು ಮೀನು ಬಂದು ಬೀಳೋವರೆಗೂ ಕಾಯೋದಂತೆ, ಪಕ್ಕದಲ್ಲಿ ಭುಜಕ್ಕೆ ಭುಜ ತಾಗೋ ಹಾಗೆ ನೂರಾರು ಜನ. ಒಂದು ವರ್ಷ ಅಲಾಸ್ಕಾದಲ್ಲೇ ವಾಸ ಇದ್ದೋರಿಗೆ ಮಾತ್ರ ಪರ್ಮಿಟ್. ಮನೆ ಯಜಮಾನನ ಲೆಕ್ಕಕ್ಕೆ 25 ಮೀನು, ಉಳಿದ ಒಬ್ಬೊಬ್ರಿಗೆ ಹತ್ತತ್ತು. ಹಿಡಿದ ತಕ್ಷಣ ಬಾಲದ ಎರಡೂ ತುದಿ ಕತ್ತರಿಸಬೇಕು, ಇದು ಮಾರೋ ಮೀನಲ್ಲ ಮನೆ ಊಟದ್ದು ಅಂತ ಗುರುತು. ನಾನು ಒಂದು ಪ್ಯಾಕೆಟ್ ಎತ್ತಿ ನೋಡ್ದೆ, ಕುಂಕುಮದ ಹಾಗೆ ಕೆಂಪು, ಆ ಜಾತಿ ಹೆಸರು ಸಾಕೈ.

ಊಟಕ್ಕೆ ಅದರದ್ದೇ ಗಸಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹುಳಿ, ಏಷಿಯನ್ ಅಂಗಡಿಯ ಫ್ರೋಜನ್ ತೆಂಗಿನತುರಿ. ಮೊದಲ ವರ್ಷ ಊರಲ್ಲಿ ಮಾಡೋ ಹಾಗೇ ಮಾಡಿ ಕೆಟ್ಟೋಯ್ತಂತೆ, "ಎಂತ ಮಾಡುದ್ ಹೇಳಿ, ಇದ್ ಬಂಗುಡಿ ಅಲ್ದೇ" ಅಂದ್ರು ಭಾವ. ಸಾಲ್ಮನ್‌ಗೆ ಕೊಬ್ಬು ಜಾಸ್ತಿ, ಹಾಗಾಗಿ ಹುಳಿ ಮುಂದಿರ್ಬೇಕು, ಮೀನು ಕೊನೇಲಿ ಹಾಕಿ ಒಂದೇ ಕುದಿಗೆ ಇಳಿಸ್ಬೇಕು. ಕುಚ್ಚಲಕ್ಕಿ ಅನ್ನ ಬೇರೆ ಇತ್ತು. ಇವರು, ಅಂದ್ರೆ ನಮ್ಮನೆಯವ್ರು, ಮೂರು ಸಲ ಬಡಿಸ್ಕೊಂಡ್ರು, ಮನೇಲಿ ನಾನು ಮಾಡಿದ್ರೆ ಡಯೆಟ್ಟು.

ಎರಡನೇ ದಿನ

ಬೆಳಿಗ್ಗೆ ಏಳೋದ್ರೊಳಗೆ ಭಾವ ಬ್ಯಾಗ್ ಹಿಡಿದು ರೆಡಿ. ಅವ್ರ ಕೆಲಸ ಸ್ಲೋಪ್ ಮೇಲೆ, ಅಂದ್ರೆ ಉತ್ತರ ತುದಿಯ ಪ್ರುಡೋ ಬೇ ಎಣ್ಣೆ ಬಾವಿಗಳಲ್ಲಿ. ಎರಡು ವಾರ ಅಲ್ಲಿ, ಎರಡು ವಾರ ಮನೇಲಿ. ಅಲ್ಲಿದ್ದಾಗ ದಿನಕ್ಕೆ 12 ಗಂಟೆ ಕೆಲಸ, ಭಾನುವಾರ ಗೀನುವಾರ ಏನಿಲ್ಲ, ಊಟ ವಸತಿ ಕಂಪನಿದು, ಎಣ್ಣೆ ತೆಗೆಯೋ ಜಾಗದಲ್ಲಿ ಕುಡಿಯೋ ಎಣ್ಣೆ ಮಾತ್ರ ಪೂರ್ತಿ ನಿಷೇಧ. ಬಸ್ ಸ್ಟ್ಯಾಂಡಿಗೆ ಹೋಗೋ ಹಾಗೆ ಏರ್‌ಪೋರ್ಟಿಗೆ ಹೋಗಿ ವಿಮಾನ ಹತ್ತಿದ್ರು. ಅಕ್ಕ ಹೇಳೋ ಪ್ರಕಾರ "ನಂಗೆ ವರ್ಷದಲ್ಲಿ ಆರು ತಿಂಗಳು ಗಂಡ, ಆರು ತಿಂಗಳು ಫೋನು". ಬೇಜಾರಾಗಲ್ವಾ ಅಂದೆ. ಮೊದಮೊದಲು ಆಗ್ತಿತ್ತು ಕಣೇ, ಈಗ ಮೂರನೇ ವಾರಾನೂ ಮನೇಲೇ ಇದ್ಬಿಟ್ರೆ ಏನ್ ಗತಿ ಅಂತ ಅನ್ಸುತ್ತೆ ಅಂದು ನಕ್ಕಳು.

ಈ ಊರಿನ ಅರ್ಧ ಮಾತುಕತೆ ಎಣ್ಣೆ ಬಗ್ಗೇನೇ. ಎಣ್ಣೆ ದುಡ್ಡಿನ ಒಂದು ಭಾಗ 1976ರಲ್ಲಿ ಶುರುವಾದ ನಿಧಿಗೆ ಹೋಗುತ್ತೆ, 1982ರಿಂದ ಅದರ ಲಾಭದಲ್ಲಿ ರಾಜ್ಯದ ಪ್ರತಿಯೊಬ್ಬರಿಗೂ, ಹಾಲು ಕುಡಿಯೋ ಮಗುವಿಗೂ, ವರ್ಷಕ್ಕೊಮ್ಮೆ ದುಡ್ಡು ಕೊಡ್ತಾರೆ, ಪಿಎಫ್‌ಡಿ (ಪರ್ಮನೆಂಟ್ ಫಂಡ್ ಡಿವಿಡೆಂಡ್) ಅಂತ. 2022ರಲ್ಲಿ ತಲೆಗೆ 3284 ಡಾಲರ್ ಬಂದಿತ್ತು, 2025ರಲ್ಲಿ 1000 ಅಷ್ಟೇ. ಯಾಕೆ ಕಮ್ಮಿ ಆಯ್ತು ಅನ್ನೋ ಜಗಳ ಅಂಗಡೀಲಿ, ಆಸ್ಪತ್ರೇಲಿ, ಎಲ್ಲಾ ಕಡೆ. ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ಆಂಕರೇಜ್‌ನಲ್ಲಿ ಸೇಲ್ಸ್ ಟ್ಯಾಕ್ಸೂ ಇಲ್ಲ, ಚೀಟೀಲಿ ಎಷ್ಟಿದೆಯೋ ಕೌಂಟರ್‌ನಲ್ಲೂ ಅಷ್ಟೇ. ಹಾಗಂತ ಅಗ್ಗ ಅನ್ಕೋಬೇಡಿ, ಟೊಮೇಟೊ ಬೆಲೆ ನೋಡಿ ವಾಪಸ್ ಇಟ್ಟೆ.

ಅಕ್ಕ ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಮಾಡೋದು, ಅವತ್ತು ರಜ ಹಾಕಿದ್ಳು. ರಸ್ತೆ ಬದೀಲಿ ಗೂಡಂಗಡಿ ಥರ ಕಾಫಿ ಶೆಡ್‌ಗಳು, ಕಾರಿಂದ ಇಳೀದೇ ತಗೊಳ್ಳೋದು, ಮಾರಿಗೊಂದು ಇವೆ. ಕಾಫಿ ಹಿಡ್ಕೊಂಡು ಲೇಕ್ ಹುಡ್‌ಗೆ ಹೋದ್ವಿ. ನೀರ ಮೇಲೆ ಇಳಿಯೋ ವಿಮಾನಗಳಿಗೆ ಜಗತ್ತಲ್ಲೇ ಅತಿ ಬಿಜಿ ನಿಲ್ದಾಣ ಇದು, ಕೆರೆ ಸುತ್ತ ನಮ್ಮ ಕಾಲೇಜ್ ಮುಂದೆ ಬೈಕ್ ನಿಲ್ಸಿದ ಹಾಗೆ ವಿಮಾನ ಕಟ್ಟಿಹಾಕಿದ್ದಾರೆ. ಒಬ್ಬ ಅಜ್ಜ ತನ್ನ ವಿಮಾನಕ್ಕೆ ಸಾಮಾನು ತುಂಬ್ತಿದ್ರು. ಬಚ್ಚಲಮನೇಲಿ ತೂಕ ನೋಡ್ಕೊಳ್ಳೋ ಮೆಷಿನ್ ಹಲಗೆ ಮೇಲಿಟ್ಟು ಮೊಟ್ಟೆ ಟ್ರೇ, ಹಿಟ್ಟಿನ ಚೀಲ, ಟಾಯ್ಲೆಟ್ ಪೇಪರ್ ಒಂದೊಂದೇ ತೂಗಿ ಒಂದು ಚೀಟೀಲಿ ಬರ್ಕೊಂಡು ಒಳಗಿಡ್ತಿದ್ರು. ಅವ್ರ ಕ್ಯಾಬಿನ್‌ಗೆ ರಸ್ತೇನೇ ಇಲ್ವಂತೆ. ಹಾಗೆ ನೋಡಿದ್ರೆ ಅಲಾಸ್ಕಾದ ಬಹುಪಾಲು ಊರುಗಳಿಗೆ ರಸ್ತೆ ಇಲ್ಲ, ರಾಜಧಾನಿ ಜೂನೋಗೇ ಇಲ್ಲ, ವಿಮಾನ ಇಲ್ಲ ಹಡಗು. ಹಳ್ಳಿಗಳಲ್ಲಿ ಹಾಲಿನ ರೇಟು ಇಲ್ಲಿಯ ಎರಡು ಮೂರು ಪಟ್ಟು. ನಾವು ನಿಂತು ನೋಡ್ತಿದ್ದಾಗ ಅಜ್ಜ ಇವರ ಕಡೆ ತಿರುಗಿ ನಿಮ್ಮ ತೂಕ ಎಷ್ಟು ಅಂತ ಕೇಳಿದ್ರು, ಇವರು ಗಾಬರಿ ಆಗಿ ನಿಜ ಹೇಳ್ಬಿಟ್ರು. ಅಜ್ಜ ತಲೆ ಅಲ್ಲಾಡಿಸಿ, ಸಾಧ್ಯಾನೇ ಇಲ್ಲ, ಅಷ್ಟು ಭಾರ ಹಾಕಿದ್ರೆ ಮೊಟ್ಟೆ ಇಳಿಸಬೇಕಾಗುತ್ತೆ ಅಂದ್ರು!

ಸಂಜೆ ಪಕ್ಕದ್ಮನೆ ಫಿಲಿಪೀನೋ ಆಂಟಿ ಬಂದ್ರು, ಅವ್ರ ಮಾವ ಹಿಂದೆ ಮೀನು ಡಬ್ಬಿಗೆ ತುಂಬೋ ಕ್ಯಾನರೀಲಿ ಇದ್ದೋರಂತೆ. ಆಂಟಿ ಹೆಸರು ಮೂಸ್ ಲಿಸ್ಟಲ್ಲಿದೆ. ಮೂಸ್ ಅನ್ನೋದು ದೈತ್ಯ ಜಿಂಕೆ, ರಸ್ತೇಲಿ ಗಾಡಿಗೆ ಸಿಕ್ಕಿ ಅದು ಸತ್ರೆ ಮಾಂಸ ದಂಡ ಆಗ್ಬಾರ್ದು ಅಂತ ಪೊಲೀಸ್ರ ಕಡೆಯಿಂದ ಲಿಸ್ಟಲ್ಲಿರೋರಿಗೆ ಫೋನ್ ಬರುತ್ತೆ, ರಾತ್ರಿ ಎರಡು ಗಂಟೆ ಆದ್ರೂ ಸರಿ, ಮೈನಸ್ ಇಪ್ಪತ್ತಾದ್ರೂ ಸರಿ, ಚಾಕು ಟ್ರಕ್ಕು ತಗೊಂಡು ಹೋಗಿ ಎತ್ಕೊಂಡು ಬರ್ಬೇಕು. ಆ ಕಥೆ ಮುಗಿಯೋ ಹೊತ್ತಿಗೆ ಸರಿಯಾಗಿ ಹಿತ್ತಲಲ್ಲಿ ಜೀವಂತ ಮೂಸ್! ಎಮ್ಮೆಗಿಂತ ಎತ್ತರ, ಜೊತೇಲಿ ಒಂದು ಮರಿ, ಅಕ್ಕನ ಎಲೆಕೋಸನ್ನ ನಿಧಾನಕ್ಕೆ ಮೇಯ್ತಾ ಇತ್ತು. ಅಕ್ಕ ಬಾಗಿಲೂ ತೆಗೀಲಿಲ್ಲ. ತಾಯಿ ಮರಿ ಮಧ್ಯೆ ಹೋದ್ರೆ ತುಳಿದು ಹಾಕುತ್ತೆ, ಕರಡಿಗಿಂತ ಇದಕ್ಕೇ ಹೆದರ್ಬೇಕು ಅಂತಾಳೆ. ಕಿಟಕೀಲಿ ನಿಂತು ಎಲ್ರೂ ಕೋಸು ಖಾಲಿ ಆಗೋದನ್ನ ನೋಡಿದ್ವಿ.

ಮೂರನೇ ದಿನ

ವಿಟ್ಟಿಯರ್ ಅನ್ನೋ ಪುಟ್ಟ ಬಂದರು ಊರು. ನೀವು ಯಾರಾದ್ರೂ ಹೋಗೋದಾದ್ರೆ ದಯವಿಟ್ಟು ಗಡಿಯಾರ ನೋಡ್ಕೊಂಡು ಹೋಗಿ, ಯಾಕೆ ಅಂತ ಹೇಳ್ತೀನಿ.

ಸೂವರ್ಡ್ ಹೈವೇ ಪೂರ್ತಿ ಸಮುದ್ರದ ಕೈ ಪಕ್ಕದಲ್ಲೇ ಹೋಗುತ್ತೆ, ಟರ್ನಗೇನ್ ಆರ್ಮ್ ಅಂತ, ಆ ಕಡೆ ನೀರು ಈ ಕಡೆ ಬಂಡೆ. ಹಗಲಲ್ಲೂ ಹೆಡ್‌ಲೈಟ್ ಹಾಕ್ಲೇಬೇಕು, ಹಿಂದೆ ಐದು ಗಾಡಿ ಸೇರಿದ್ರೆ ಪಕ್ಕಕ್ಕೆ ತಗೊಂಡು ದಾರಿ ಬಿಡ್ಲೇಬೇಕು, ಕಾನೂನು. ಇಳಿತದ ಹೊತ್ತು, ಬೂದು ಬಣ್ಣದ ಕೆಸರು ಮೈಲಿಗಟ್ಟಲೆ ಹರಡಿತ್ತು, ನೋಡೋಕೆ ನಡ್ಕೊಂಡು ಹೋಗ್ಬಹುದು ಅನ್ಸುತ್ತೆ, ಕಾಲು ಹೂತ್ರೆ ಸಿಮೆಂಟ್ ಥರ ಹಿಡ್ಕೊಳ್ಳುತ್ತೆ, ಆಮೇಲೆ ಭರತ ಬರುತ್ತೆ. ಗರ್ಡ್‌ವುಡ್ ದಾಟಿ ಬೂದಿ ಬಣ್ಣದ ಒಣಮರಗಳ ಸಾಲು, ಎಲೆ ಇಲ್ಲ ಕೊಂಬೆ ಇಲ್ಲ. 1964ರ ಮಾರ್ಚ್ 27ರ ಭೂಕಂಪದಲ್ಲಿ, ಅದು 9.2 ತೀವ್ರತೆ, ನೆಲ ಕುಸಿದು ಬೇರಿಗೆ ಉಪ್ಪುನೀರು ನುಗ್ಗಿ ನಿಂತಲ್ಲೇ ಸತ್ತ ಮರಗಳು. ಅರವತ್ತು ವರ್ಷ ಆದ್ರೂ ಬಿದ್ದಿಲ್ಲ.

ವಿಟ್ಟಿಯರ್‌ಗೆ ಹೋಗೋಕೆ ಬೆಟ್ಟದೊಳಗೆ 4 ಕಿಲೋಮೀಟರ್ ಸುರಂಗ, ಒಂದೇ ಸಾಲು, ರೈಲೂ ಅದರಲ್ಲೇ ಕಾರೂ ಅದರಲ್ಲೇ, ಹಳಿ ಮೇಲೇ ಕಾರು ಓಡಿಸೋದು. ಒಳಗೆ ಹೋಗೋರಿಗೆ ಪ್ರತಿ ಗಂಟೆಯ ಅರ್ಧಕ್ಕೆ, ಹೊರಗೆ ಬರೋರಿಗೆ ಗಂಟೆಗೆ ಸರಿಯಾಗಿ, ಸ್ವಲ್ಪ ಹೊತ್ತು ಬಿಟ್ಟು ಮುಚ್ತಾರೆ. ರಾತ್ರಿ ಪೂರ್ತಿ ಬಂದ್. 2000ನೇ ಇಸವಿವರೆಗೆ ಕಾರಿಗೆ ದಾರೀನೇ ಇರ್ಲಿಲ್ಲ, ರೈಲೊಂದೇ.

ಆ ಕಡೆ ಹೋದ್ರೆ ಆಗುಂಬೆ ಮಳೆ. ಊರಲ್ಲಿರೋ ಮುನ್ನೂರು ಜನರೊಳಗೆ ಹೆಚ್ಚುಕಮ್ಮಿ ಎಲ್ರೂ ಒಂದೇ ಬಿಲ್ಡಿಂಗಲ್ಲಿ ವಾಸ, ಬೆಗಿಚ್ ಟವರ್ಸ್, 14 ಮಹಡಿ, ಸೈನ್ಯದವ್ರು 1950ರ ದಶಕದಲ್ಲಿ ಕಟ್ಟಿದ್ದು. ಪೋಸ್ಟ್ ಆಫೀಸು, ದಿನಸಿ ಅಂಗಡಿ ಎಲ್ಲ ಅದರೊಳಗೇ, ಮಕ್ಕಳು ನೆಲದಡಿ ಹಾದಿಯಲ್ಲಿ ಸ್ಕೂಲಿಗೆ ಹೋಗ್ತಾರೆ. ಬಂದರಿನ ಹತ್ರ ಮೀನು ಕರಿಯೋ ಹೋಟೆಲ್‌ನಲ್ಲಿ ಪಕ್ಕದ ಟೇಬಲ್‌ನಲ್ಲಿ ಕೂತಿದ್ದ ದೋಣಿ ಕೆಲಸದವನನ್ನ ಮಾತಾಡಿಸ್ದೆ. ಏಳನೇ ಮಹಡೀಲಿ ಮನೆಯಂತೆ. ಹೋದ ಚಳಿಗಾಲ ಒಂಬತ್ತು ದಿನ ಬಿಲ್ಡಿಂಗ್ ಬಿಟ್ಟು ಹೊರಗೇ ಬಂದಿರ್ಲಿಲ್ಲ, ಬರೋ ಕೆಲಸಾನೂ ಇರ್ಲಿಲ್ಲ ಅಂದ. ಅಕ್ಕಪಕ್ಕದೋರ ಜೊತೆ ಜಗಳ ಆದ್ರೆ ಅಂತ ಕೇಳ್ದೆ. ಸ್ವಲ್ಪ ಯೋಚ್ನೆ ಮಾಡಿ "ಲಿಫ್ಟಲ್ಲಿ ಸಿಕ್ತಾರೆ" ಅಂದ, ಅಷ್ಟೇ.

ಈ ಮಾತಿನ ಗುಂಗಲ್ಲಿ ಹೊತ್ತು ನೋಡ್ಲಿಲ್ಲ. ಐದು ಗಂಟೆ ಗೇಟಿಗೆ ಅಂತ ಓಡಿ ಬಂದ್ವಿ, ಐದೂ ಹದಿನೆಂಟು, ಕೆಂಪು ದೀಪ. ಇನ್ನು ಆರು ಗಂಟೆಗೇ. ಮಳೇಲಿ ಕಾರೊಳಗೆ ಕೂತು ನಲವತ್ತೆರಡು ನಿಮಿಷ, ನಂಗೆ ಬೇರೆ ಬಾತ್‌ರೂಮ್ ಅರ್ಜೆಂಟು, ಇವರು ನೀನೇ ಮಾತಾಡ್ತಾ ಕೂತಿದ್ದು ಅಂತ, ನಾನು ನೀವೇ ಎರಡನೇ ಪ್ಲೇಟ್ ತರ್ಸಿದ್ದು ಅಂತ. ಅಕ್ಕನ ಮಗಳು ಹಿಂದಿನ ಸೀಟಲ್ಲಿ ತಣ್ಣಗೆ ಹೋಮ್‌ವರ್ಕ್ ಮುಗಿಸಿದ್ಳು, ಇಲ್ಲಿಯ ಮಕ್ಕಳಿಗೆ ಕಾಯೋದು ಗೊತ್ತು. ಮೈನಸ್ ಹತ್ತು ಫ್ಯಾರನ್‌ಹೀಟ್, ಅಂದ್ರೆ ನಮ್ಮ ಲೆಕ್ಕದಲ್ಲಿ ಮೈನಸ್ 23 ತನಕ ಸ್ಕೂಲಲ್ಲಿ ಆಟಕ್ಕೆ ಹೊರಗೇ ಬಿಡ್ತಾರೆ ಅಂತ ಅವಳೇ ಹೇಳಿದ್ದು.

ನಾಲ್ಕನೇ ದಿನ

ಪಾಮರ್ ಜಾತ್ರೆ. ಒಂದು ಗಂಟೆ ದಾರಿ. 1935ರಲ್ಲಿ ಸರ್ಕಾರ ಬಡ ರೈತರನ್ನ ಕರ್ಕೊಂಡು ಬಂದು ಈ ಕಣಿವೇಲಿ ನೆಲೆ ನಿಲ್ಲಿಸ್ತು, ಬೇಸಿಗೇಲಿ ಇಪ್ಪತ್ತು ಗಂಟೆ ಹತ್ರ ಬೆಳಕು ಬೀಳೋದ್ರಿಂದ ತರಕಾರಿ ರಾಕ್ಷಸನ ಹಾಗೆ ಬೆಳೆಯುತ್ತೆ. ದೊಡ್ಡ ಎಲೆಕೋಸಿನ ದಾಖಲೆ 2012ರದ್ದು, 62 ಕೇಜಿ ಚಿಲ್ಲರೆ. ನಾವು ನೋಡಿದ್ದು ಅಷ್ಟಿರ್ಲಿಲ್ಲ, ಆದ್ರೂ ಮಗುನ ಎತ್ಕೊಂಡ ಹಾಗೆ ಇಬ್ರು ಸೇರಿ ಎತ್ತಿಡ್ತಿದ್ರು. ಅಕ್ಕ ಮೂಸ್ ತಿಂದ ತನ್ನ ಕೋಸನ್ನ ನೆನೆಸ್ಕೊಂಡು ನಿಟ್ಟುಸಿರು ಬಿಟ್ಟಳು. ಹಿಮಸಾರಂಗದ ಸಾಸೇಜ್ ತಿಂದೆ, ಉಪ್ಪು ಜಾಸ್ತಿ, ಇನ್ನೊಂದ್ಸಲ ತಿನ್ನಲ್ಲ. ಮಧ್ಯಾಹ್ನದ ಮೇಲೆ ಮತ್ತೆ ಮಳೆ, ಮನೆಗೆ ಬಂದು ಮಲಗಿದ್ವಿ.

ಐದನೇ ದಿನ

ಫೇರ್‌ಬ್ಯಾಂಕ್ಸ್‌ಗೆ ಹೊರಟಿದ್ದು ನಾವಿಬ್ರೇ, ಅಕ್ಕಂಗೆ ಡ್ಯೂಟಿ. ಪಾರ್ಕ್ಸ್ ಹೈವೇ, 580 ಕಿಲೋಮೀಟರ್. ಪೆಟ್ರೋಲ್ ಬಂಕ್ ಸಿಕ್ಕಾಗೆಲ್ಲ ತುಂಬಿಸ್ಕೊಳ್ಳಿ ಅಂತ ಅಕ್ಕ ಹತ್ತು ಸಲ ಹೇಳಿದ್ಳು, ಹೌದು, ಮಧ್ಯೆ ಒಂದೊಂದು ಕಡೆ ಗಂಟೆಗಟ್ಟಲೆ ಫೋನ್ ಸಿಗ್ನಲ್ಲೂ ಇಲ್ಲ. ರಸ್ತೆ ಎರಡೂ ಬದಿ ಫೈರ್‌ವೀಡ್ ಅನ್ನೋ ಗಿಡ, ಗುಲಾಬಿ ಹೂ ಕೆಳಗಿಂದ ಮೇಲಕ್ಕೆ ಅರಳ್ತಾ ಹೋಗಿ ತುದಿ ಮುಟ್ಟಿದ್ರೆ ಆರು ವಾರದಲ್ಲಿ ಚಳಿಗಾಲ ಅಂತ ಅಲ್ಲಿಯೋರ ಲೆಕ್ಕ. ನಾವು ಹೋದಾಗ ತುದಿ ಹೂವೂ ಉದುರಿ ಹತ್ತಿ ಹಾರ್ತಿತ್ತು.

ಡೆನಾಲಿ ನೋಡ್ಬೇಕು ಅನ್ನೋದು ಇವರ ಚಿಕ್ಕಂದಿನ ಆಸೆ. 6190 ಮೀಟರ್, ಉತ್ತರ ಅಮೆರಿಕದಲ್ಲೇ ಎತ್ತರ. 2025ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಮತ್ತೆ ಮೆಕಿನ್ಲಿ ಅಂತ ಹೆಸರು ತಿರುಗಿಸಿದೆ, ನಾನು ಮಾತಾಡಿಸಿದ ಒಬ್ರ ಬಾಯಲ್ಲೂ ಆ ಹೆಸರು ಬರ್ಲಿಲ್ಲ, ಡೆನಾಲಿ ಅಂತಾರೆ, ಇಲ್ಲಾಂದ್ರೆ ಬರೀ ಬೆಟ್ಟ. ಕಂಡ ದಿನ "ಇವತ್ತು ಬೆಟ್ಟ ಹೊರಗೆ ಬಂದಿದೆ" ಅಂತಾರೆ, ಮನೆ ಬಿಟ್ಟು ಬರೋಕೆ ಮನಸ್ಸು ಬೇಕು ಅನ್ನೋ ಹಾಗೆ. ಅವತ್ತು ಬರ್ಲಿಲ್ಲ. ವ್ಯೂ ಪಾಯಿಂಟಲ್ಲಿ ಮುಕ್ಕಾಲು ಗಂಟೆ ಮೋಡ ನೋಡಿ, ಮೋಡದ ಫೋಟೋ ತೆಗ್ದು ಹೊರಟ್ವಿ. ಡೆನಾಲಿ ನ್ಯಾಷನಲ್ ಪಾರ್ಕ್ ಬಾಗಿಲಲ್ಲಿ ಕಾಫಿ ಕೊಟ್ಟ ಹುಡುಗಿ ಥೈಲ್ಯಾಂಡ್‌ನ ಕಾಲೇಜ್ ಸ್ಟೂಡೆಂಟ್. ಬೇಸಿಗೆ ರಜಕ್ಕೆ ಬಂದು ಬೆಳಿಗ್ಗೆ ಕಾಫಿ ಅಂಗಡಿ, ಸಂಜೆ ಹೋಟೆಲ್ ರೂಮ್ ಕ್ಲೀನಿಂಗ್, ಎರಡು ಕೆಲಸ. ಸೆಪ್ಟೆಂಬರ್ ಮಧ್ಯಕ್ಕೆ ಇಲ್ಲಿರೋ ಅಂಗಡಿ ಎಲ್ಲಾ ಕಿಟಕಿಗೆ ಹಲಗೆ ಹೊಡೆದು ಮುಚ್ತಾರೆ ಅಂದ್ಳು, ಬೆಟ್ಟ ನೋಡಿದ್ಯಾ ಅಂದ್ರೆ ನಾಲ್ಕು ತಿಂಗಳಲ್ಲಿ ಆರು ಸಲ.

ಅಲ್ಲಿಂದ ಮುಂದೆ ಎದುರಿಗೆ ಬಂದ ಟ್ರಕ್ಕಿನ ಚಕ್ರದಿಂದ ಒಂದು ಕಲ್ಲು ಹಾರಿ ಟಪ್ ಅಂತು, ಬಾಡಿಗೆ ಕಾರಿನ ಮುಂದಿನ ಗಾಜಲ್ಲಿ ಕಾಸಗಲ ನಕ್ಷತ್ರ, ಹತ್ತು ಕಿಲೋಮೀಟರ್ ಹೋಗೋದ್ರಲ್ಲಿ ಅದಕ್ಕೆ ಬಾಲ ಬಂತು. ನಂಗೆ ಎದೆ ಧಸಕ್ ಅಂತು. ಬಂಕ್‌ನಲ್ಲಿದ್ದ ಹೆಂಗಸು ನೋಡಿ ನಕ್ಕು ತನ್ನ ಪಿಕಪ್ ತೋರ್ಸಿದ್ಳು, ಅದರ ಗಾಜು ಜೇಡರ ಬಲೆ. ಚಳಿಗಾಲದಲ್ಲಿ ಜಾರ್ಬಾರ್ದು ಅಂತ ರಸ್ತೆಗೆ ಜಲ್ಲಿಪುಡಿ ಹಾಕ್ತಾರಂತೆ, ಗಾಜು ಪೂರ್ತಿ ಇದ್ರೆ ಅದು ಹೊರಗಿನೋರ ಗಾಡಿ ಅಂತ ಗೊತ್ತಾಗುತ್ತೆ ಅಂದ್ಳು. ಕಾರ್ ಕಂಪನಿಯೋರಿಗೆ ಈ ತಮಾಷೆ ಅರ್ಥ ಆಗ್ಲಿಲ್ಲ, ಬಿಲ್ಲು ಬಂದಿದೆ, ಗಾಜಿನ ಇನ್ಶೂರೆನ್ಸ್ ಬೇಡ ಅಂದಿದ್ದು ಯಾರು ಅಂತ ನಾನೇನೂ ಹೇಳಲ್ಲ.

ನೆನಾನಾದಲ್ಲಿ ಕಾಲು ಚಾಚೋಕೆ ಇಳಿದ್ವಿ. ನದಿ ದಂಡೇಲಿ ಬಿಳಿ ಕಪ್ಪು ಬಣ್ಣ ಬಳಿದ ಮರದ ಗೋಪುರದಂಥದ್ದು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ಅದನ್ನ ಹಿಮದ ಮೇಲೆ ನಿಲ್ಲಿಸಿ ದಡದ ಗಡಿಯಾರಕ್ಕೆ ಹಗ್ಗ ಕಟ್ತಾರೆ, ವಸಂತದಲ್ಲಿ ಹಿಮ ಒಡೆದು ಅದು ಜರುಗಿದ ಕ್ಷಣಕ್ಕೆ ಗಡಿಯಾರ ನಿಲ್ಲುತ್ತೆ, ಯಾವ ದಿನ ಯಾವ ಗಂಟೆ ಯಾವ ನಿಮಿಷ ಅಂತ ಮೊದ್ಲೇ ಟಿಕೆಟ್ ತಗೊಂಡು ಸರಿಯಾಗಿ ಹೇಳಿದೋರಿಗೆ ಲಕ್ಷಗಟ್ಟಲೆ ಡಾಲರ್. 1917ರಿಂದ ನಡೀತಾ ಇದೆ. ಮಳೆ ಯಾವಾಗ ಅಂತ ನಮ್ಮಲ್ಲೂ ಯಾರಾದ್ರೂ ಇಂಥದ್ದು ಶುರು ಮಾಡಿದ್ರೆ ನಮ್ಮಜ್ಜ ಆಸ್ತಿ ಮಾಡಿರೋರು.

ಆರನೇ ದಿನ

ಇವರ ಫ್ರೆಂಡ್‌ನ ತಮ್ಮ ಫೇರ್‌ಬ್ಯಾಂಕ್ಸ್ ಯೂನಿವರ್ಸಿಟೀಲಿ ಪಿಎಚ್‌ಡಿ ಮಾಡ್ತಿದ್ದಾನೆ, ಹುಬ್ಬಳ್ಳಿ ಹುಡುಗ. ಊರಿಂದ ಹೊರಗೆ ಕಾಡಲ್ಲಿ ಮರದ ಪುಟ್ಟ ಮನೆ, ಡ್ರೈ ಕ್ಯಾಬಿನ್. ಕರೆಂಟ್ ಇದೆ, ವೈಫೈ ಇದೆ, ನೀರಿಲ್ಲ. ನಲ್ಲೀನೇ ಇಲ್ಲ. ನೆಲದಡಿ ವರ್ಷವಿಡೀ ಕರಗದ ಹಿಮ ಇರೋದ್ರಿಂದ ಪೈಪು ಹಾಕೋದು ದೊಡ್ಡ ಖರ್ಚು, ಹಾಕಿದ್ರೂ ಹೆಪ್ಪುಗಟ್ಟುತ್ತೆ, ಬಾಡಿಗೆ ಕಮ್ಮಿ ಅಂತ ಸ್ಟೂಡೆಂಟ್ಸ್ ಅಷ್ಟೇ ಅಲ್ಲ ಕೆಲಸದಲ್ಲಿರೋರೂ ಎಷ್ಟೋ ಜನ ಹೀಗೇ ಇದ್ದಾರೆ.

"ಬರ್ರಿ ಅಕ್ಕಾರ, ಬೂಟ್ ಇಲ್ಲೇ ಬಿಡ್ರಿ" ಅಂತ ಒಳಗೆ ಕರೆದ. ಸಿಂಕ್ ಮೇಲೆ ನೀಲಿ ಪ್ಲಾಸ್ಟಿಕ್ ಕ್ಯಾನು, ಕೆಳಗೆ ಬಕೆಟ್ಟು. ಕೈ ತೊಳೆದ ನೀರು ಬಕೆಟ್ಟಿಗೆ, ಅದು ತುಂಬೋ ಮುಂಚೆ ನೆನಪಿಟ್ಟು ಹೊರಗೆ ಚೆಲ್ಬೇಕು, ಮರೆತ್ರೆ ನೆಲದ ಮೇಲೆ. ನಾನು ಅಭ್ಯಾಸಬಲದಲ್ಲಿ ಎರಡು ಲೋಟ ಚೆನ್ನಾಗಿ ತೊಳೆದೆ, ತಿರುಗಿ ನೋಡಿದ್ರೆ ಕಾಲ್ಚೀಲ ಒದ್ದೆ. ಅವನು ನಗ್ತಾ ಬಟ್ಟೆ ಕೊಟ್ಟ. ಕಷ್ಟ ಅಲ್ವೇನೋ ಅಂದೆ. "ನೀರ್ ಹೊರೂದು ನನಗೇನ್ ಹೊಸಾದ್ ಅಲ್ರಿ ಅಕ್ಕಾರ, ಹುಬ್ಬಳ್ಳ್ಯಾಗ ಎಂಟ್ ದಿನಕ್ಕೊಮ್ಮೆ ನಳಾ ಬರ್ತಿತ್ತು, ಬ್ಯಾರಲ್ ತುಂಬಿಸಿಟ್ಟು ಬೆಳೆದ ಮಂದಿ ನಾವು. ರಾತ್ರಿ ಎದ್ದು ಹೊರಗ ಹೋಗೂದ ಒಂದ್ ತ್ರಾಸ ನೋಡ್ರಿ." ಸಂಡಾಸು ಹೊರಗೆ ಇಪ್ಪತ್ತು ಹೆಜ್ಜೆ. ಸೀಟು ನೀಲಿ ಫೋಮಿಂದು, ಮೈನಸ್ ನಲವತ್ತರಲ್ಲೂ ಕೂತ್ರೆ ತಣ್ಣಗೆ ಅನ್ಸಲ್ವಂತೆ. ಮೈನಸ್ ನಲವತ್ತು ಅಂದ್ರೆ ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಇವರು ಕೇಳಿದ್ರು, ಎರಡೂ ಒಂದೇ ಆಗೋದು ಅಲ್ಲೇ ಅಂತ ನಂಗೆ ಅವತ್ತು ಗೊತ್ತಾಯ್ತು. ಸ್ನಾನ ಯೂನಿವರ್ಸಿಟಿ ಜಿಮ್ಮಲ್ಲಿ, ಇಲ್ಲಾಂದ್ರೆ ಬಟ್ಟೆ ಒಗೆಯೋ ಲಾಂಡ್ರಿ ಅಂಗಡೀಲಿ ದುಡ್ಡು ಕೊಟ್ಟು.

ಅಲ್ಲಿ ಪ್ರತಿ ಕಾರಿನ ಮೂತೀಲೂ ಒಂದು ಪ್ಲಗ್ ನೇತಾಡ್ತಿರುತ್ತೆ. ಎಲ್ಲ ಎಲೆಕ್ಟ್ರಿಕ್ ಕಾರಾ ಅಂತ ಕೇಳಿ ನಗೆಪಾಟಲಾದೆ. ಅದು ಇಂಜಿನ್ ಬಿಸಿ ಇಡೋಕೆ, ಆಫೀಸ್ ಪಾರ್ಕಿಂಗ್‌ನಲ್ಲೂ ಕಂಬಕ್ಕೊಂದು ಸಾಕೆಟ್ ಇರುತ್ತೆ, ಕಾರಿಗೆ ಪ್ಲಗ್ ಚುಚ್ಚಿ ಕೆಲಸಕ್ಕೆ ಹೋಗೋದು.

ಮಧ್ಯಾಹ್ನ ಅವನ ಜೊತೆ ಖಾಲಿ ಕ್ಯಾನ್ ತಗೊಂಡು ಫಾಕ್ಸ್ ಅನ್ನೋ ಊರ ಹತ್ರ ರಸ್ತೆ ಬದಿ ಬುಗ್ಗೆಗೆ ಹೋದ್ವಿ, ಸಾಲಲ್ಲಿ ಮುಂದಿದ್ದ ಟ್ರಕ್ ಮೇಲೆ ದೊಡ್ಡ ಟ್ಯಾಂಕು, ಅವಸರ ಇದ್ರೆ ನೀವು ಮೊದ್ಲು ಹಿಡ್ಕೊಳ್ಳಿ ಅಂತ ಜಾಗ ಬಿಟ್ರು. ನೀರು ಹಲ್ಲು ಜುಮ್ ಅನ್ನೋ ತಣ್ಣಗೆ. ಪಕ್ಕದಲ್ಲೇ ಪೈಪ್‌ಲೈನ್, ಭಾವನ ಪ್ರುಡೋ ಬೇಯಿಂದ ವಾಲ್ಡೀಜ್ ಬಂದರಿನ ತನಕ 1300 ಕಿಲೋಮೀಟರ್ ಹತ್ರ, 1977ರಿಂದ ಎಣ್ಣೆ ಹರೀತಿದೆ. ನಾನು ಅದು ನೆಲದಡಿ ಇರುತ್ತೆ ಅನ್ಕೊಂಡಿದ್ದೆ. ಅರ್ಧಕ್ಕಿಂತ ಹೆಚ್ಚು ಕಂಬದ ಮೇಲೇ ಇದೆ, ಒಳಗಿನ ಎಣ್ಣೆ ಬಿಸಿ ಇರುತ್ತಲ್ಲ, ನೆಲದೊಳಗಿನ ಹಿಮ ಕರಗಿದ್ರೆ ಪೈಪೇ ಕುಸಿಯುತ್ತೆ. ಕಂಬದ ನೆತ್ತಿ ಮೇಲೆ ರೆಕ್ಕೆ ರೆಕ್ಕೆ ಥರ ಅಲ್ಯೂಮಿನಿಯಂ, ಅದು ನೆಲದ ಶಾಖ ಎಳೆದು ಗಾಳಿಗೆ ಬಿಡುತ್ತೆ. 2002ರಲ್ಲಿ 7.9ರ ಭೂಕಂಪ ಆದಾಗ ಪೈಪು ಕಂಬದ ಮೇಲೆ ಸರಿದಾಡಿ ಒಂದು ತೊಟ್ಟೂ ಚೆಲ್ಲದೆ ಉಳಿದಿದ್ದನ್ನ ಹುಡುಗ ತಾನೇ ಕಟ್ಟಿಸಿದ ಹಾಗೆ ಹೇಳ್ದ. ದಾರೀಲಿ ಒಂದು ಮನೆ ತೋರ್ಸಿದ, ಕೆಳಗಿನ ಹಿಮ ಕರಗಿ ಒಂದು ಮೂಲೆ ಕೂತಿದೆ, ಇನ್ನೊಂದು ಮೂಲೆ ಎದ್ದಿದೆ. ಒಳಗೆ ಜನ ಇದ್ರು, ಅಂಗಳದಲ್ಲಿ ಸೌದೆ ಒಡೀತಿದ್ರು.

ಸೌದೆ ಅಂದ್ರೆ, ಆ ಊರಲ್ಲಿ ಎಲ್ಲಿ ನೋಡಿದ್ರೂ ಸೌದೆ. ಮನೆ ಪಕ್ಕ ಎದೆಮಟ್ಟ ಒಟ್ಟಿ ಮೇಲೆ ತಗಡು ಹೊದೆಸಿರ್ತಾರೆ. ತೀರ್ಥಹಳ್ಳೀಲಿ ಮೇ ತಿಂಗಳಲ್ಲಿ ನಮ್ಮಜ್ಜಿ ಹೀಗೇ, ಕೊಟ್ಟಿಗೇಲಿ ಸೌದೆ ಆಯ್ತಾ, ಹಪ್ಪಳ ಆಯ್ತಾ, ಮಿಡಿ ಉಪ್ಪಿನಕಾಯಿ ಆಯ್ತಾ, ಒಣಮೀನು ಬಂತಾ, ಇದೇ ಮಂತ್ರ, ಮಳೆ ಹಿಡಿದ್ರೆ ಮೂರು ತಿಂಗಳು ಹೊರಗೆ ಕಾಲಿಡೋ ಹಾಗಿಲ್ಲ ಅಂತ. ಇಲ್ಲೂ ಬಂಕಲ್ಲಿ, ಲಾಂಡ್ರೀಲಿ ಕಿವಿಗೆ ಬಿದ್ದಿದ್ದೆಲ್ಲ ಅದೇ. ಸೌದೆ ಆಯ್ತಾ, ಮೀನು ಆಯ್ತಾ, ಮೂಸ್ ಸಿಕ್ತಾ, ಹಿಮದಲ್ಲಿ ಜಾರದ ಮೊಳೆ ಟೈರ್ ಎಲ್ಲಿಟ್ಟಿದ್ದೀಯ. ಮೂರು ತಿಂಗಳು ಬೇಸಿಗೆ ಇರೋದೇ ಉಳಿದ ಒಂಬತ್ತು ತಿಂಗಳಿಗೆ ಕೂಡಿಡೋಕೆ ಅನ್ನೋ ಹಾಗೆ ಓಡಾಡ್ತಾರೆ.

ಏಳನೇ ದಿನ

ಬೆಳಿಗ್ಗೆ ಹಣ್ಣು ಬಿಡಿಸೋಕೆ. ಗುಡ್ಡದ ಮೇಲೆ ಕಾಲುಗಂಟು ಎತ್ತರದ ಬ್ಲೂಬೆರಿ ಗಿಡ, ಎಲೆ ಆಗ್ಲೇ ಕೆಂಪು. ಎಲ್ಲಿ ಜಾಸ್ತಿ ಸಿಗುತ್ತೆ ಅಂತ ಯಾರೂ ಯಾರಿಗೂ ಹೇಳಲ್ಲ, ನಮ್ಮಲ್ಲಿ ಅಣಬೆ ಏಳೋ ಜಾಗ ಗುಟ್ಟಾಗಿಡೋ ಹಾಗೆ, ಹುಡುಗ ನಮ್ಮ ಫೋನ್ ಲೊಕೇಶನ್ ಬೇರೆ ಆಫ್ ಮಾಡಿಸ್ದ. ಕರಡಿಗೂ ಇದೇ ಹಣ್ಣು ಬೇಕು, ಹಾಗಾಗಿ ಜೋರಾಗಿ ಮಾತಾಡ್ತಾ ಇರ್ಬೇಕಂತೆ, ಆ ಕೆಲಸಕ್ಕೆ ನನ್ನನ್ನ ಬಿಟ್ರು. ಮೂರು ಗಂಟೇಲಿ ನಾನು ಒಂದು ಡಬ್ಬ, ಅವನು ಬಾಚಣಿಗೆ ಥರದ್ದರಲ್ಲಿ ಬಾಚಿ ಒಂದು ಬಕೆಟ್. ಕರಡಿ ಬರ್ಲಿಲ್ಲ. ನಲವತ್ತೈದು ಡಾಲರ್ ಕೊಟ್ಟು ತಗೊಂಡಿದ್ದ ಕರಡಿ ಸ್ಪ್ರೇ ವಿಮಾನದಲ್ಲಿ ಚೆಕ್‌ಇನ್ ಬ್ಯಾಗಲ್ಲೂ ಹಾಕೋ ಹಾಗಿಲ್ಲ, ಅವನಿಗೇ ಕೊಟ್ವಿ. ಹಿಂಗೆ ಬಂದೋರೆಲ್ಲ ಕೊಟ್ಟು ಕೊಟ್ಟು ಅವನ ಹತ್ರ ನಾಲ್ಕಿವೆ.

ರಾತ್ರಿ ಒಂದು ಗಂಟೆಗೆ ಬಾಗಿಲು ಬಡಿದು ಎಬ್ಬಿಸ್ದ, ಆಕಾಶದಲ್ಲಿ ಅರೋರಾ, ಅದೇ ನಾರ್ದರ್ನ್ ಲೈಟ್ಸ್, ಬಂದಿದೆ ಅಂತ. ಸ್ವೆಟರ್ ಮೇಲೆ ಕಂಬಳಿ ಹೊದ್ದು ಹೊರಗೆ ಬಂದ್ವಿ. ಮೊದ್ಲು ಬರೀ ಮಾಸಲು ಬಿಳಿ ಪಟ್ಟೆ, ಇಷ್ಟೇನಾ ಅನ್ಸ್ತು, ಫೋನಲ್ಲಿ ತೆಗೆದ್ರೆ ಮಾತ್ರ ಹಸಿರು. ಹತ್ತು ನಿಮಿಷ ಆದ್ಮೇಲೆ ಆ ಪಟ್ಟೆ ಒಂದು ತುದಿಯಿಂದ ಅಲುಗಾಡೋಕೆ ಶುರು, ಒಣಹಾಕಿದ ಸೀರೆ ಗಾಳಿಗೆ ತೂರಾಡಿದ ಹಾಗೆ, ಕಣ್ಣಿಗೇ ಹಸಿರು, ಅಂಚಲ್ಲಿ ಸ್ವಲ್ಪ ಕೆಂಪು, ಸದ್ದಿಲ್ಲ. ಮೂರು ಜನಾನೂ ಮಾತಾಡ್ಲಿಲ್ಲ. ಆಮೇಲೆ ಹುಡುಗ ಚಹಾ ಇಟ್ಟ, ನಾನು ಲೋಟ ತೊಳೀಲಿಲ್ಲ.

ಎಂಟನೇ ದಿನ

ಬೆಳಿಗ್ಗೆ ಹೊರಟು ವಾಪಸ್ ಆಂಕರೇಜ್, ಮಧ್ಯರಾತ್ರಿ ಮೇಲೆ ಫ್ಲೈಟ್. ರಾತ್ರಿ ನಿದ್ದೆ ಇಲ್ದೆ ನಾನು ಕಾರಲ್ಲಿ ಮಲಗ್ಬಿಟ್ಟೆ. ಎದ್ದಾಗ ಇವರ ಮುಖ ಒಂಥರಾ ಇತ್ತು. ಏನು ಅಂದ್ರೆ, ಏನಿಲ್ಲ ಅಂದ್ರು. ಸ್ವಲ್ಪ ದೂರ ಹೋದ್ಮೇಲೆ ಮೆಲ್ಲಗೆ, ಬೆಟ್ಟ ಹೊರಗೆ ಬಂದಿತ್ತು, ಪೂರ್ತಿ, ಇಪ್ಪತ್ತು ನಿಮಿಷ ಇತ್ತು, ನೀನು ಚೆನ್ನಾಗಿ ನಿದ್ದೆ ಮಾಡ್ತಿದ್ದೆ ಅಂತ ಎಬ್ಬಿಸ್ಲಿಲ್ಲ ಅಂದ್ರು. ನಾನು ವಾಸಿಲ್ಲಾ ಅನ್ನೋ ಊರು ಬರೋ ತನಕ ಮಾತಾಡ್ಲಿಲ್ಲ. ಫೋಟೋ ಇದೆ, ಸ್ಟೇರಿಂಗ್ ಮೇಲಿಂದ ತೆಗೆದಿದ್ದು, ಬೆಟ್ಟದ ನಡುಮಧ್ಯೆ ಗಾಜಿನ ಬಿರುಕು.

ಅಕ್ಕ ಬೆಳ್ಳುಳ್ಳಿ ಒಗ್ಗರಣೆ ಸಾರು, ಅನ್ನ, ಹುರಿದ ಮೀನು ಮಾಡಿಟ್ಟಿದ್ಳು. ಊಟದ ಟೇಬಲ್ ಮೂಲೇಲಿ ಒಂದು ಚೌಕ ಬಿಳಿ ದೀಪ ಇತ್ತು, ಅಲ್ಲೀವರೆಗೂ ಗಮನಿಸಿರ್ಲಿಲ್ಲ. ಡಿಸೆಂಬರಲ್ಲಿ ಹತ್ತು ಗಂಟೆಗೆ ಸೂರ್ಯ ಬಂದು ನಾಲ್ಕಕ್ಕೆ ಮುಂಚೆ ಹೋಗ್ತಾನೆ, ಡ್ಯೂಟಿಗೆ ಹೋಗುವಾಗ್ಲೂ ಕತ್ತಲೆ ಬರುವಾಗ್ಲೂ ಕತ್ತಲೆ, ಬೆಳಿಗ್ಗೆ ಅರ್ಧ ಗಂಟೆ ಇದರ ಮುಂದೆ ಕೂತು ತಿಂಡಿ ತಿಂತೀನಿ ಅಂದ್ಳು. ಊರಿಗೆ ವಾಪಸ್ ಹೋಗ್ಬೇಕು ಅನ್ಸಲ್ವಾ ಅಂದೆ. ಫೆಬ್ರವರೀಲಿ ಕೇಳು, ಹೋಗ್ತೀನಿ ಅಂತೀನಿ, ಜುಲೈನಲ್ಲಿ ಕೇಳಬೇಡ ಅಂದ್ಳು.

ಅಲ್ಲಿಯ ಏರ್‌ಪೋರ್ಟಲ್ಲಿ ಸೂಟ್‌ಕೇಸಿಗಿಂತ ರಟ್ಟಿನ ಮೀನಿನ ಡಬ್ಬಾನೇ ಜಾಸ್ತಿ ಇರುತ್ತೆ. ನಮ್ಮದೂ ಒಂದು, ಅಕ್ಕ ಟೇಪ್ ಸುತ್ತಿ ತೂಗಿ ಸರಿಯಾಗಿ 50 ಪೌಂಡ್ ಮಾಡಿ ಕೊಟ್ಟಿದ್ಳು. ಮನೆಗೆ ಬಂದು ತೆಗೆದ್ರೆ ಒಂದು ಪ್ಯಾಕೆಟ್ಟೂ ಕರಗಿಲ್ಲ. ನಮ್ಮ ಫ್ರಿಜ್ಜಿನ ಮೇಲಿನ ಗೂಡಲ್ಲಿ ಹಿಡೀಲಿಲ್ಲ. ಬಟಾಣಿ, ಪರೋಟ, ಐಸ್‌ಕ್ರೀಮ್ ಎಲ್ಲ ಹೊರಗೆ ತೆಗ್ದು, ಐಸ್‌ಕ್ರೀಮ್ ಆ ರಾತ್ರೀನೇ ಕೂತು ತಿಂದು ಮುಗಿಸಿ ಜಾಗ ಮಾಡಿದ್ವಿ. ಮೊನ್ನೆ ಶನಿವಾರ ಇವರು ಎಲ್ಲೋದ್ರು ಅಂತ ಹುಡುಕಿದ್ರೆ ಗ್ಯಾರೇಜಲ್ಲಿ ಅಳತೆ ಟೇಪ್ ಹಿಡ್ಕೊಂಡು ಗೋಡೆ ಪಕ್ಕ ಜಾಗ ಅಳೀತಿದ್ರು.